ಮರ್ಯಾದೆ ಕೊಟ್ಟು ಸಿಕ್ಕಿಬಿದ್ದ ಪಾತೆ

ಬೆಸ್ತರ ಪಾತೆಯ ಗುರುತಿನ ಚೀಟಿಯನ್ನು ಮೀನು ನುಂಗಿ ಹನ್ನೊಂದು ವರ್ಷವಾಗಿತ್ತು. ಅಂಥಿಂಥ ಮೀನಲ್ಲ, ಕತ್ತೆಮರಿ ಗಾತ್ರದ ಬೆಕ್ಕುಮೀನು. ಬಲೆ ಎಳೆಯಲು ಬಗ್ಗಿದಾಗ ಜೇಬಿನಿಂದ ಚೀಟಿ ಜಾರಿತು, ಮೀನು ಆಕಳಿಸುತ್ತಿತ್ತಂತೆ, ನೇರ ಬಾಯೊಳಗೆ ಹೋಯಿತು. ನಂಬುವವರು ನಂಬಿ. "ಈಗ ಸರ್ಕಾರದ ಲೆಕ್ಕದಲ್ಲಿ ಪಾತೆ ಅಂದ್ರೆ ಆ ಮೀನೇ ಕಣ್ರೋ. ಓಟು ಹಾಕೋಕೂ ಅದೇ ಹೋಗ್ಬೇಕು" ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೊಸ ಚೀಟಿ ಮಾಡಿಸುವ ಯೋಚನೆ ಮಾತ್ರ ಅವನ ತಲೆಗೆ ಬಂದಿರಲಿಲ್ಲ.

ಬರುವ ಅಗತ್ಯವಾದರೂ ಏನಿತ್ತು? ನದಿಯ ಈಚೆ ದಡದ ಸಿಂಚು ಎಂಬ ಊರು ಸೆನೆಗಲ್ ದೇಶದ್ದು, ಆಚೆ ದಡದ ಸಿಂಚು ಮಾರಿಟೇನಿಯದ್ದು. ಹೆಸರೂ ಒಂದೇ, ನೆಂಟರೂ ಒಂದೇ. ಒಲೆಯ ಮೇಲೆ ಎಸರಿಟ್ಟು ಆಚೆ ಹೋಗಿ ಅಕ್ಕನ ಮನೆಯಿಂದ ಉಪ್ಪು ತಂದು, ಅನ್ನ ತಳ ಹಿಡಿಯುವ ಮೊದಲೇ ಇಳಿಸುವ ಹೆಂಗಸರು ಅಲ್ಲಿದ್ದರು. ಪಾತೆಯಂತೂ ಹುಟ್ಟಿದಾಗಿನಿಂದ ಆ ನೀರನ್ನು ದಾಟುತ್ತಲೇ ಇದ್ದ. ನಿದ್ದೆಯಲ್ಲೂ ಒಮ್ಮೆ ಹುಟ್ಟು ಹಾಕಿ ಆಚೆ ಹೋಗಿ, ಎಚ್ಚರವಾದಾಗ ಬೀಗರ ಮನೆಯ ಅಂಗಳದಲ್ಲಿದ್ದನಂತೆ. ಅಲ್ಲೇ ಗಂಜಿ ಕುಡಿದು ಬಂದ.

ಅವನಿಗೆ ಆರು ಹೆಣ್ಣುಮಕ್ಕಳು, ಒಂಬತ್ತು ಮೊಮ್ಮಕ್ಕಳು. ಒಂಬತ್ತೂ ಹೆಣ್ಣು. ಪಾತೆ ಎಂಬ ಹೆಸರು ತನ್ನ ಜೊತೆಗೇ ಮಣ್ಣಾಗುತ್ತದೆಂದು ಅವನು ಅಂದುಕೊಂಡಿದ್ದಾಗ, ಆಚೆ ದಡಕ್ಕೆ ಕೊಟ್ಟಿದ್ದ ಕಿರಿಮಗಳು ದಿಕ್ಕೆಲ್ ಗಂಡುಮಗು ಹೆತ್ತಳು. ಏಳನೆಯ ದಿನ ನಾಮಕರಣ, ಮಗುವಿಗೆ ಅಜ್ಜನದೇ ಹೆಸರು ಎಂದು ಅಳಿಯ ಹೇಳಿ ಕಳಿಸಿದ. ಆದರೆ ಪಾತೆಯ ಮನೆತನದಲ್ಲಿ ಒಂದು ಕಟ್ಟಳೆಯಿತ್ತು: ಹೆಸರು ಕೊಡುವವನು ತನ್ನ ದಡದ ನೀರನ್ನು ತಾನೇ ತಂದು ಮಗುವಿನ ನೆತ್ತಿಗೆ ಹಚ್ಚಬೇಕು. ಇಲ್ಲವಾದರೆ ನದಿಗೆ ಮಗುವಿನ ಗುರುತು ಹತ್ತುವುದಿಲ್ಲ. ಅವನು ಬಾರದಿದ್ದರೆ ಬೇರೆ ಹೆಸರು.

ಆ ಬೇರೆ ಹೆಸರು ಯಾವುದೆಂದು ಆಚೆ ಸಿಂಚುವಿನ ದನಗಾಹಿ ಯೇರೊ ಜಾಲ್ಲೊ ಮೊದಲೇ ಸಾರಿದ್ದ. ಅಲ್ಲಿ ಬೆಸ್ತರಿಗೂ ದನಗಾಹಿಗಳಿಗೂ ತಾತಮುತ್ತಾತಂದಿರ ಕಾಲದಿಂದ ಹಾಸ್ಯದ ನೆಂಟಸ್ತಿಕೆ. ಕಂಡಲ್ಲಿ ಬೈಯಬೇಕು, ಬೈಸಿಕೊಂಡವನು ಸಿಟ್ಟಾಗಬಾರದು, ಕಷ್ಟಕ್ಕೆ ಮೊದಲು ಅವನೇ ಓಡಿಬರಬೇಕು. ನಾಮಕರಣದ ಹಿಂದಿನ ಸಂಜೆ ಯೇರೊ ಆಚೆ ದಡದಿಂದಲೇ ಕೂಗಿದ್ದ: "ಲೇ ಮೀನುಮುಳ್ಳು! ಬಿಸಿಲೇರೋದ್ರೊಳಗೆ ಬಾರೋ. ತಡ ಆದ್ರೆ ನಿನ್ನ ಮೊಮ್ಮಗ ಯೇರೊ ಅಂತ ಹೆಸರಿಟ್ಕೊಂಡು ನನ್ನ ಕರು ಮೇಯಿಸ್ತಾನೆ!"

"ಥೂ, ಹಸುವಿನ ಬಾಲ! ನೀರು ಕಂಡ್ರೆ ನಡುಗೋ ನೀನು ಬೆಸ್ತರ ಮಗೂಗೆ ಹೆಸರಿಡ್ತೀಯೇನೋ?" ಎಂದು ಪಾತೆಯೂ ಕೂಗಿದ. ಇಬ್ಬರಿಗೂ ಆ ರಾತ್ರಿ ಸುಖವಾದ ನಿದ್ದೆ.

ಬೆಳಿಗ್ಗೆ ಗಂಜಿ ಹಾಕಿದ ನೀಲಿ ನಿಲುವಂಗಿ ತೊಟ್ಟು, ಸೊಂಟಕ್ಕೆ ನೀರಿನ ಸೋರೆಬುರುಡೆ ಕಟ್ಟಿಕೊಂಡು ಪಾತೆ ಆಚೆ ದಡಕ್ಕಿಳಿದ. ಅಲ್ಲಿನ ಚಪ್ಪರದಡಿ ಗಡಿ ಕಾಯುವ ಹೊಸ ಅಧಿಕಾರಿಯೊಬ್ಬ ಕುಳಿತಿದ್ದ. ಬಂದು ಮೂರು ದಿನವಾಗಿತ್ತು, ಎಲ್ಲಿಯೋ ದೂರದೂರಿನವನು. ಎದೆಯ ಮೇಲೆ ಹೆಸರಿನ ಪಟ್ಟಿಯೇನೋ ಇತ್ತು, ಆದರೆ ಪಾತೆಗೆ ಅಕ್ಷರ ಬಾರದು.

"ಚೀಟಿ?"

ದೊಡ್ಡ ಮನುಷ್ಯರೊಡನೆ ಹೇಗೆ ಮಾತಾಡಬೇಕೆಂದು ಪಾತೆಗೆ ಗೊತ್ತಿತ್ತು. ಕೈಕಟ್ಟಿ ಬಗ್ಗಿದ. "ಸಾಹೇಬ್ರೆ, ತಮ್ಮ ಆಯಸ್ಸು ಹೆಚ್ಚಲಿ. ತಾವು ದಯಮಾಡಿ ಕೇಳಬೇಕು. ಚೀಟೀನ ಮೀನು ನುಂಗ್ಬಿಡ್ತು."

"ಮೀನು."

"ಬೆಕ್ಕುಮೀನು, ಸಾಹೇಬ್ರೆ. ನಾನು ಬೆಸ್ತ."

"ಬೆಸ್ತನಾ?" ಅಧಿಕಾರಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಸೊಂಟದಲ್ಲೇನು?"

"ನೀರು, ಮಹಾಸ್ವಾಮಿ."

"ನದಿ ದಾಟಿ ಬಂದೋನು ನೀರು ಕಟ್ಕೊಂಡು ಬಂದಿದ್ದೀಯಾ? ಕೂತ್ಕೋ ಅಲ್ಲಿ."

ಮೊಮ್ಮಗನ ನಾಮಕರಣವೆಂದು ಪಾತೆ ಎಷ್ಟು ಬಗ್ಗಿದನೋ ಅಧಿಕಾರಿ ಅಷ್ಟು ಬಿಗಿದ. ಊರವರನ್ನು ಕರೆಸೋಣವೆಂದರೆ ಎಲ್ಲರೂ ನಾಮಕರಣದ ಮನೆಯಲ್ಲಿದ್ದರು, ಹೋಗಿ ಕರೆಯಲು ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಡೋಲಿನ ಸದ್ದು ಇಲ್ಲಿಗೂ ಕೇಳುತ್ತಿತ್ತು. ಬಿಸಿಲೇರಿತು. ಸದ್ದು ನಿಂತಿತು. ಡೋಲು ನಿಂತರೆ ನಾಮಕರಣಕ್ಕೆ ಕೊಯ್ಯುವ ಟಗರನ್ನು ಅಂಗಳಕ್ಕೆ ತಂದರೆಂದೇ ಅರ್ಥ. ಟಗರಿನ ಕೊರಳಿಗೆ ಕತ್ತಿ ತಾಗಿದ ಹೊತ್ತಿಗೇ ಹೆಸರು ಕೂಗಬೇಕು. ಯೇರೊ! ದೇವರೇ, ಯೇರೊ! ಪಾತೆ ಇನ್ನಷ್ಟು ಬಗ್ಗಿ, "ಸಾಹೇಬ್ರೆ..." ಎಂದು ಮತ್ತೆ ಶುರುಮಾಡಿದ.

ಅಧಿಕಾರಿ ಬೇಸರದಿಂದ ಮಗ್ಗುಲಲ್ಲಿದ್ದ ತನ್ನ ಸೋರೆಬುರುಡೆ ಎತ್ತಿಕೊಂಡ. ಅದರಲ್ಲಿ ಹುಳಿಹಾಲು. ಕುಡಿಯುವ ಮೊದಲು ಕಿರುಬೆರಳನ್ನು ಹಾಲಿಗೆ ಅದ್ದಿ ಒಂದು ಹನಿ ನೆಲಕ್ಕೆ ಚಿಮುಕಿಸಿ, ಹಸುವಿಗೆ ಒಂದು ಪುಟ್ಟ ಹರಕೆಯ ಮಾತನ್ನು ಗೊಣಗಿದ. ಪಾತೆಯ ಬಾಯಿ ತೆರೆಯಿತು. ಹಾಗೆ ಹಾಲು ಚಿಮುಕಿಸುವವರು ಜಗತ್ತಿನಲ್ಲಿ ಒಂದೇ ಜಾತಿಯವರು, ದನಗಾಹಿಗಳು.

"ಅಯ್ಯೋ ಹಸುವಿನ ಬಾಲವೇ!" ಎಂದು ಅವನು ಎದ್ದು ನಿಂತ. "ನಿನ್ನನ್ನ ಬೆಳಗಿಂದ ಸಾಹೇಬ್ರೆ ಅಂದ್ನಲ್ಲೋ! ನನ್ನ ನಾಲಿಗೇನ ಬೂದಿ ಹಾಕಿ ತಿಕ್ಕೋಬೇಕು! ನಿಮ್ಮಜ್ಜ ನಮ್ಮಜ್ಜನ ಆಳು ಕಣೋ, ಸಗಣಿಬುಟ್ಟಿ!"

ಅಧಿಕಾರಿ ಬುರುಡೆಯನ್ನು ಕೆಳಗಿಟ್ಟ. ಮೀಸೆಗೆ ಹತ್ತಿದ ಹಾಲನ್ನು ಒರೆಸಿಕೊಂಡ. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದ.

"ಮೊದಲೇ ಬೊಗಳ್ಬಾರ್ದಿತ್ತೇನೋ, ಕೊಚ್ಚೆಕಪ್ಪೆ! ನಾನು ಜಾಲ್ಲೊ ಕುಲದೋನು. ಬೆಸ್ತ ಅಂತೀಯ, ನಂಗೆ ಮಹಾಸ್ವಾಮಿ ಅಂತೀಯ! ಬೆಸ್ತ ಅನ್ನೋನು ನಮ್ಮನ್ನ ಹಾಗೆ ಮಾತಾಡ್ಸೋಕೆ ಸಾಧ್ಯವಾ? ಯಾವನೋ ಕಳ್ಳಸಾಗಣೆಯೋನು ವೇಷ ಹಾಕ್ಕೊಂಡು ಬಂದಿದ್ದಾನೆ ಅಂದ್ಕೊಂಡೆ."

"ಹಾಗಾದ್ರೆ ಬಿಡೋ, ಹೋಗ್ಬೇಕು!"

"ಚೀಟಿ ಇಲ್ದೋನ್ನ ಬಿಡೋಹಾಗಿಲ್ಲ. ಆದ್ರೆ ಹಿಡ್ಕೊಂಡು ಹೋಗ್ಬಹುದು. ನಿನ್ನ ಗುರುತು ಹೇಳೋ ಜನ ಎಲ್ಲಿದ್ದಾರೆ? ಟಗರು ಎಲ್ಲಿದೆಯೋ ಅಲ್ಲೇ ತಾನೆ? ನಡಿ!"

ಅಧಿಕಾರಿ ಪಾತೆಯ ತೋಳನ್ನು ಬಿಗಿಯಾಗಿ ಹಿಡಿದ. ಇಬ್ಬರೂ ಓಡಿದರು. ಊರ ನಾಯಿಗಳು ಹಿಂದೆ ಬಿದ್ದವು. ಆ ಓಟದ ಧೂಳು ಇಳಿಯಲು ಮೂರು ದಿನ ಹಿಡಿಯಿತಂತೆ.

ಅಂಗಳದಲ್ಲಿ ಇಮಾಮರು ಸಿಡಿಮಿಡಿಗೊಂಡು ನಿಂತಿದ್ದರು. ಟಗರಿನ ಬೆನ್ನ ಮೇಲೆ ಯೇರೊ ಕಾಲು ಚಾಚಿ ಕುಳಿತಿದ್ದ, ಕತ್ತಿಯನ್ನು ತನ್ನ ತೊಡೆಯಡಿ ಅಡಗಿಸಿಕೊಂಡು. ಟಗರು ಸಾಕಾಗಿ ಮಲಗಿಬಿಟ್ಟಿತ್ತು.

"ಏಳೋ ಯೇರೊ, ಹೊತ್ತಾಯ್ತು" ಎನ್ನುತ್ತಿದ್ದರು ಇಮಾಮರು, ಬಹುಶಃ ಹತ್ತನೆಯ ಸಲ.

"ಆಗಲ್ಲ. ಪಾತೆ ಬಂದು ನನ್ನ ಕಾಲು ಹಿಡೀಬೇಕು. ಅಲ್ಲೀವರೆಗೆ ಟಗರು ನಂದು, ಕತ್ತೀನೂ ನಂದು. ಹಾಸ್ಯದ ನೆಂಟನ ಹಕ್ಕು. ಬೇಕಾದ್ರೆ ಎಲ್ರೂ ಸೇರಿ ಎತ್ತಿ ನೋಡಿ!" ಎಂದವನು ಬಾಗಿಲಲ್ಲಿ ಪಾತೆಯನ್ನು ಕಂಡು ಮುಖ ಸಿಂಡರಿಸಿದ. "ಬಂದ್ಯಾ? ಇನ್ನೊಂದು ಚೂರು ತಡ ಮಾಡಿದ್ರೆ ನನ್ನ ಕಾಲೇ ಬಿದ್ದುಹೋಗ್ತಿತ್ತು. ಬೆಳಗಿಂದ ಜೋಮು ಹಿಡಿದಿದೆ ಕಣೋ, ಮೀನುಮುಳ್ಳು."

ಪಾತೆ ಬಗ್ಗಿ ನಿಜವಾಗಿಯೂ ಅವನ ಕಾಲು ಹಿಡಿದ; ಹಿಡಿದು, ಜೋಮು ಹೋಗುವವರೆಗೆ ತಿಕ್ಕಿದ.

ದಿಕ್ಕೆಲ್ ಮಗುವನ್ನು ತಂದಳು. ಪಾತೆ ಬುರುಡೆಯ ನೀರಿನಲ್ಲಿ ಬೆರಳದ್ದಿ ಬೋಳು ನೆತ್ತಿಗೆ ಹಚ್ಚಿದ. ಮಗು ಸೀನಿತು. ಇಮಾಮರು ಹೆಸರನ್ನು ಗಟ್ಟಿಯಾಗಿ ಕೂಗಿದರು: ಪಾತೆ.

ಊಟವಾದ ಮೇಲೆ ಅಧಿಕಾರಿ ಕಾಗದ ತೆಗೆದು, ಜನನದ ಚೀಟಿಗೆಂದು ಮಗುವಿನ ಹೆಸರು ಬರೆದುಕೊಂಡ. ಮೂರನೆಯ ಸುತ್ತಿನ ಚಹಾ ಹೀರುತ್ತಿದ್ದ ಯೇರೊ ಅದನ್ನು ನೋಡಿ ಪಾತೆಯ ಪಕ್ಕೆಗೆ ತಿವಿದ.

"ನೋಡೋ, ಈಗ ಮೂರು ಜನ ಪಾತೆ ಆದ್ರು. ಒಬ್ಬ ಅಮ್ಮನ ಮಡಿಲಲ್ಲಿ, ಒಬ್ಬ ನದಿಯಲ್ಲಿ. ಇಬ್ಬರ ಹತ್ರಾನೂ ಚೀಟಿ ಇದೆ. ಚೀಟಿ ಇಲ್ದೇ ಅಲೆಯೋ ಪಾತೆ ನೀನೊಬ್ಬನೇ."

"ಹೂಂ, ಅದಕ್ಕೇ ಇವತ್ತು ವಾಪಸ್ ಹೋಗೋಕಾಗಲ್ಲ" ಎಂದ ಪಾತೆ, ಮೊಮ್ಮಗನನ್ನು ತೊಡೆಗೆಳೆದುಕೊಂಡು. "ಸಾಹೇಬ್ರು ಹಿಡ್ಕೊಂಡು ಬಂದಿದ್ದಾರೆ."