ಕಚೇರಿ ಪಾಲಾದ ಹೊಸ್ತಿಲು

ನಾನು ಚಿಕ್ಕವನಿದ್ದಾಗ, ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಪಡಸಾಲೆಯನ್ನು ಅಪ್ಪ ಒಂದು ಸರ್ಕಾರಿ ಕಚೇರಿಗೆ ಬಾಡಿಗೆಗೆ ಕೊಟ್ಟರು. ನಾವು ಹಿಂದಿನ ಕೋಣೆಗಳಿಗೆ ಸರಿದುಕೊಂಡೆವು. ನಡುವೆ ಒಂದೇ ಬಾಗಿಲು. ಅದರ ಚಿಲಕ ಕಚೇರಿಯ ಕಡೆಗಿತ್ತು. ಉಯ್ಯಾಲೆ ಇದ್ದ ಜಾಗಕ್ಕೆ ಮೇಜು, ಕುರ್ಚಿ, ಟೈಪ್ ಮಿಷನ್ನು ಬಂದವು. ಒಗ್ಗರಣೆಯ ಘಮ ಹೋಗಿ ಶಾಯಿ, ಅಂಟು, ಹಳೇ ಕಾಗದದ ವಾಸನೆ ತುಂಬಿತು. ಬೀದಿಯ ಮಗ್ಗಗಳ ಸದ್ದಿನ ಜೊತೆ ಟೈಪಿನ ಟಕಟಕವೂ ಸೇರಿತು. ನನಗಂತೂ ಜಂಬವೋ ಜಂಬ. ಬೇಸಿಗೆ ರಜೆಯಿಡೀ ಗೆಳೆಯರನ್ನು ಕಿಟಕಿಯ ಹತ್ತಿರ ನಿಲ್ಲಿಸಿ, "ನಮ್ಮ ಆಫೀಸು ನೋಡ್ರೋ" ಎಂದು ತೋರಿಸುತ್ತಿದ್ದೆ.

ಆದರೆ ಮನೆಯ ಹೊಸ್ತಿಲೂ ಕಚೇರಿಯ ಪಾಲಾಗಿತ್ತು. ಅಜ್ಜಿ ದಿನವೂ ಅದನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಡದೆ ಒಂದು ತೊಟ್ಟು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಮುಂಬಾಗಿಲು ತೆರೆದರೆ ತಾನೇ ಹೊಸ್ತಿಲ ಪೂಜೆ? ಹಾಗಾಗಿ ಹತ್ತು ಗಂಟೆಗೆ ಗುಮಾಸ್ತರು ಬಂದು ಬೀಗ ತೆಗೆದು, ನಡುಬಾಗಿಲ ಚಿಲಕ ಸರಿಸುವವರೆಗೂ ಹಸಿದುಕೊಂಡೇ ಕಾಯುತ್ತಿದ್ದಳು. ಗುಮಾಸ್ತರು ಪಾಪ, ಒಳ್ಳೆಯವರು. ಅಜ್ಜಿ ತಂಬಿಗೆ ಹಿಡಿದು ಬಂದು "ಒಸಿ ಕಾಲೆತ್ತಪ್ಪಾ" ಅಂದರೆ ಹರಿದು ಬರುವ ನೀರು ತಾಗದಂತೆ ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಕಿಟಕಿಯಲ್ಲಿ ಗೆಳೆಯರು ಕಿಸಕ್ಕನೆ ನಗುತ್ತಿದ್ದರು. ನನಗೆ ಅವಮಾನದಿಂದ ಕಿವಿ ಬಿಸಿಯಾಗುತ್ತಿತ್ತು.

ಒಂದು ದಿನ ಗುಮಾಸ್ತರು ಬರುತ್ತಲೇ ಅವರ ಹಿಂದೆಯೇ ಕಚೇರಿಯೊಳಗೆ ನುಗ್ಗಿ, "ಅಜ್ಜಿಗೆ ಹುಷಾರಿಲ್ಲ ಸಾರ್, ಇವತ್ತು ಬರಲ್ಲ" ಅಂದುಬಿಟ್ಟೆ. ಅವರು ಚಿಲಕ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಜ್ಜಿ ಮೆಲ್ಲಗೆ ಬಾಗಿಲು ತಟ್ಟಿದಳು. ಟೈಪಿನ ಸದ್ದಿನಲ್ಲಿ ಗುಮಾಸ್ತರಿಗೆ ಕೇಳಿಸಲಿಲ್ಲ. ಬಾಗಿಲ ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿತು. "ಚಿಲಕ ತಗೀರಪ್ಪಾ" ಎಂದಳು. ನಾನು ಉಸಿರು ಬಿಗಿಹಿಡಿದು ನಿಂತೆ.

ತಟ್ಟುವುದು ನಿಂತಿತು. ಗೆದ್ದೆ ಅಂದುಕೊಂಡೆ. ಕೊಂಚ ಹೊತ್ತಾದ ಮೇಲೆ ನೋಡಿದರೆ ಅಜ್ಜಿ ಬೀದಿಯಲ್ಲಿ! ಹಿತ್ತಿಲಿನಿಂದ ಹೊರಟು, ಗಲ್ಲಿ ಸುತ್ತಿ, ಕಾದ ನೆಲದ ಮೇಲೆ ಬರಿಗಾಲಲ್ಲಿ ಬಂದಿದ್ದಳು. ತಂಬಿಗೆಯ ನೀರು ತುಳುಕಿ ಸೆರಗೆಲ್ಲ ಒದ್ದೆಯಾಗಿತ್ತು. ಮೆಟ್ಟಿಲ ಮೇಲೆ ಕೂತು, ಏದುಸಿರು ಬಿಡುತ್ತಾ, ಹೊರಗಿನಿಂದಲೇ ಹೊಸ್ತಿಲು ತೊಳೆಯತೊಡಗಿದಳು.

ಗುಮಾಸ್ತರು ಗಾಬರಿಯಿಂದ ಎದ್ದರು. "ಇದೇನಮ್ಮ, ನಿಮಗೆ ಹುಷಾರಿಲ್ಲ ಅಂದ್ನಲ್ಲ ನಿಮ್ಮ ಹುಡುಗ?"

ಅಜ್ಜಿ ನನ್ನನ್ನು ನೋಡಿದಳು. ನಾನಿನ್ನೂ ನಡುಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಅವಳಿಗೆ ಎಲ್ಲ ತಿಳಿಯಿತು. "ಹೂಂ ಕಣಪ್ಪಾ, ಒಸಿ ತಲೆ ಸುತ್ತಿತ್ತು. ಈಗ ಪರವಾಗಿಲ್ಲ" ಎಂದು ಅರಿಶಿನ ಬಳಿಯಲು ಬಾಗಿದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ದಿನದಿಂದ ಅಜ್ಜಿ ನಡುಬಾಗಿಲು ತಟ್ಟಲೇ ಇಲ್ಲ. ಇದ್ದಷ್ಟು ಕಾಲವೂ ಗಲ್ಲಿ ಸುತ್ತಿಯೇ ಬಂದಳು. ತಪ್ಪಾಯಿತು ಎಂದು ನಾನು ಒಂದು ದಿನವೂ ಹೇಳಲಿಲ್ಲ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ಮೊಮ್ಮಕ್ಕಳೇ, ಮೊನ್ನೆ ನಿಮ್ಮನ್ನು ಆ ಬೀದಿಗೆ ಕರೆದುಕೊಂಡು ಹೋಗಿದ್ದೆನಲ್ಲ. ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ನಮ್ಮ ಹೆಂಚಿನ ಮನೆ ಈಗ ಪೂರ್ತಿ ಆಫೀಸು. ಹೊಸ್ತಿಲೇ ಇಲ್ಲ. ನೀವು ಹತ್ತಿರ ಹೋದದ್ದೇ ಗಾಜಿನ ಬಾಗಿಲು ತಾನಾಗಿ ಸರಿದು, ತಣ್ಣನೆಯ ಗಾಳಿ ಬಂತು. ಒಳಗೆ ಓಡಿ "ತಾತ, ಬನ್ನಿ" ಎಂದು ಕೂಗಿದಿರಿ. ನಾನು ಬರಲಿಲ್ಲ. ನಿಮ್ಮ ಕಾಲದ ಬಾಗಿಲು ಯಾರು ಬಂದು ನಿಂತರೂ ತಾನೇ ತೆರೆದುಕೊಳ್ಳುತ್ತದೆ. ನನ್ನ ಕಾಲದ್ದನ್ನು ಯಾರಾದರೂ ತೆರೆಯಬೇಕಿತ್ತು, ಮಕ್ಕಳೇ. ಚಿಲಕ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.