ರಿಜಿಸ್ಟರಿನಲ್ಲಿ ಗೀಟು ಹೊಡೆದ ಹೆಸರು

ತಾತನ ಹೆಸರಿನಲ್ಲೇ ಉಳಿದುಬಿಟ್ಟಿದ್ದ ಜಮೀನನ್ನು ಮಕ್ಕಳ ಹೆಸರಿಗೆ ಮಾಡಿಸಲು ವಂಶವೃಕ್ಷ ಬೇಕು ಎಂದು ಚಿಕ್ಕಪ್ಪ ಹೇಳಿದಾಗ, ಆ ಕೆಲಸವನ್ನು ನಾನೇ ಮೇಲೆ ಬಿದ್ದು ತೆಗೆದುಕೊಂಡೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಬೆಳಗೋಡಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಅದರ ಕೆಳಗೆ ಗದ್ದೆ. ತಾತನಿಗೆ ಮೂವರು ಮಕ್ಕಳು. ದೊಡ್ಡವಳು ಅತ್ತೆ, ಆಮೇಲೆ ನಮ್ಮಪ್ಪ, ಕೊನೆಯವರು ಚಿಕ್ಕಪ್ಪ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವರ ಕಡೆಯಿಂದ ನಾನೊಬ್ಬಳೇ. ಆಲೂರಿನಲ್ಲಿ ಹೈಸ್ಕೂಲ್ ಟೀಚರ್. ಅತ್ತೆಗೆ ಎಪ್ಪತ್ತು ದಾಟಿದೆ. ಬಾಳ್ಳುಪೇಟೆಯಲ್ಲಿ, ಹೈವೇಗೆ ಮುಖ ಮಾಡಿದ ಮಗಳ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಈಗಲೂ ಬ್ಲೌಸ್ ಹೊಲಿಯುತ್ತಾಳೆ. ನಾನು ಉಟ್ಟಿರುವ ಒಂದು ಸೀರೆಯ ರವಿಕೆಯನ್ನೂ ಬೇರೆಯವರು ಹೊಲಿದಿಲ್ಲ.

ನನಗೆ ಚಿಕ್ಕಂದಿನಿಂದಲೂ ಪತ್ತೇದಾರಿ ಕಾದಂಬರಿಗಳ ಹುಚ್ಚು. ಕೊನೆಯ ಪುಟಕ್ಕೆ ಬರುವ ಮೊದಲೇ ಯಾರು ಮಾಡಿದ್ದು ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ಸಮಾಧಾನವಿಲ್ಲ. ಅತ್ತೆಯ ಹುಟ್ಟಿದ ದಿನಾಂಕಕ್ಕೆ ದಾಖಲೆ ಬೇಕಾದಾಗ, ಅವಳು ಓದಿದ ಪ್ರೈಮರಿ ಶಾಲೆಗೆ ಹೋಗಿ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆಸಿದೆ. ಅಲ್ಲಿನ ಹೆಡ್ ಮಿಸ್ ನನ್ನ ಜೊತೆ ಓದಿದವಳು. ಹಾಳೆಯ ಅಂಚನ್ನು ಹುಳ ತಿಂದಿತ್ತು. ಅತ್ತೆಯ ಹೆಸರೇನೋ ಸಿಕ್ಕಿತು. ಅದರ ಮುಂದೆ, ತಂದೆಯ ಹೆಸರಿನ ಜಾಗದಲ್ಲಿ, ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಹೆಸರೊಂದಿತ್ತು. ಕಸುಬು, ಎಸ್ಟೇಟ್ ಕೂಲಿ. ಆ ಎರಡಕ್ಕೂ ಕೆಂಪು ಮಸಿಯಲ್ಲಿ ಗೀಟು ಹೊಡೆದು, ಮೇಲೆ ತಾತನ ಹೆಸರು ಬರೆದಿದ್ದರು. ಪಕ್ಕದಲ್ಲಿ ತಾತನ ಸಹಿ.

ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಗಾಬರಿಯಿಂದಲ್ಲ, ಖುಷಿಯಿಂದ.

ತಾತ ಆ ಕಾಲದಲ್ಲಿ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಹಾಜರಿ ಹಾಕುವುದು, ಯಾರಿಗೆ ಕೆಲಸ, ಯಾರಿಗಿಲ್ಲ ಎನ್ನುವುದೆಲ್ಲ ಅವರ ಕೈಯಲ್ಲಿತ್ತು. ಅಲ್ಲಿನ ಕೂಲಿ ಲೈನಿನ ಮನೆಗಳಲ್ಲಿದ್ದವರ ಪೈಕಿ ಒಬ್ಬ ಅಜ್ಜಿ ಮಾತ್ರ ಈಗ ಬದುಕಿದ್ದು, ಆನೇಮಹಲ್‌ನಲ್ಲಿ ಮೊಮ್ಮಗಳ ಮನೆಯಲ್ಲಿದ್ದಾರೆ ಎಂದು ವಿಚಾರಿಸಿ ತಿಳಿದುಕೊಂಡೆ. ಮೊದಲ ಸಲ ಹೋದಾಗ ಅವರು ಏನೂ ಹೇಳಲಿಲ್ಲ. ಎರಡನೇ ಸಲ ಫೋಟೊ ತೋರಿಸಿ, ಆ ಹೆಸರನ್ನು ಓದಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಶುರು ಮಾಡಿದರು.

ಅತ್ತೆಯನ್ನು ಹೆತ್ತವಳು ಕಾಫಿ ಕೊಯ್ಯಲು ಬಂದಿದ್ದ ಹೆಂಗಸು. ಬಾಣಂತನದಲ್ಲೇ ತೀರಿಕೊಂಡಳು. ಗಂಡ ಎಳೆಗೂಸನ್ನು ನಮ್ಮಜ್ಜಿಯ ಕೈಗೆ ಕೊಟ್ಟು, ಊರಿಗೆ ಹೋಗಿ ಒಂದು ದಾರಿ ಮಾಡಿಕೊಂಡು ಬರುತ್ತೇನೆ ಎಂದು ಘಟ್ಟ ಇಳಿದು ಹೋದ. ಆರು ವರ್ಷ ಸುದ್ದಿಯಿಲ್ಲ. ನಮ್ಮಜ್ಜಿಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಮಗು ಅವಳನ್ನೇ ಅವ್ವ ಅಂದಿತು. ಶಾಲೆಗೆ ಸೇರಿಸುವಾಗ ತಾತ ಸುಳ್ಳು ಬರೆಸಲು ಮನಸ್ಸಾಗದೆ ಹೆತ್ತ ತಂದೆಯ ಹೆಸರನ್ನೇ ಕೊಟ್ಟಿದ್ದರು. ಅದೇ ವರ್ಷ ಅವನು ಬಂದ. ಮಗು ಶಾಲೆಯಲ್ಲಿತ್ತು. ನಮ್ಮಜ್ಜಿ ಎಸ್ಟೇಟ್ ಸ್ಟೋರಿನ ಮುಂದೆ, ಕಾಫಿ ಒಣಗಿಸುವ ಕಣದಲ್ಲಿ ನಿಂತು, ಮಗು ಜ್ವರ ಬಂದು ಸತ್ತುಹೋಯಿತು ಎಂದಳು. ಅವನು ಅತ್ತು, ಬಂದ ದಾರಿಯಲ್ಲೇ ಹೋದ. ಆ ವಾರವೇ ತಾತ ಶಾಲೆಗೆ ಹೋಗಿ ಹೆಸರು ತಿದ್ದಿಸಿದರು.

"ನಾನೂ ಅಲ್ಲೇ ನಿಂತಿದ್ದೆ ಕಣವ್ವ," ಅಂದರು ಆನೇಮಹಲ್ ಅಜ್ಜಿ. "ಬಾಯಿ ಬುಡ್ಲಿಲ್ಲ. ರೈಟ್ರು ಹೆಂಡ್ತಿ ಮಾತಿಗೆ ಎದುರಾಡಿ ಕೂಲಿ ಕಳ್ಕೊಳ್ಳೋರು ಯಾರು?"

ವಾಪಸು ಬರುವಾಗ ಬಸ್ಸಿನಲ್ಲೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮನೆ ಮುಟ್ಟುವವರೆಗೂ ತಡೆಯಲಾಗಲಿಲ್ಲ. ನಮ್ಮಜ್ಜಿ ಹೇಳಿದ ಸುಳ್ಳಿನ ವಿಷಯ ಮಾತ್ರ ಬಿಟ್ಟು, ಉಳಿದದ್ದನ್ನೆಲ್ಲ ಹೇಳಿದೆ. ಸತ್ತ ಅಜ್ಜಿಯ ಮರ್ಯಾದೆ ಉಳಿಸಿದೆ ಎಂದುಕೊಂಡೆ. ಬದುಕಿರುವ ಅತ್ತೆಯ ಬಗ್ಗೆ ಹಾಗೆ ಯೋಚಿಸಲಿಲ್ಲ. ಬಸ್ಸು ಬಾಳ್ಳುಪೇಟೆಯಲ್ಲಿ ನಿಂತಾಗ ಕಿಟಕಿಯಿಂದಲೇ ಅವಳು ಕಂಡಳು. ಮಿಷನ್ ಮೇಲೆ ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಫೋನ್ ನನ್ನ ಕಿವಿಯಲ್ಲೇ ಇತ್ತು. ಚಿಕ್ಕಪ್ಪ, ಕಾಗದ ಐತಾ ಎಂದು ಕೇಳಿದರು. ಫೋಟೊ ಕಳಿಸಿದೆ.

ಒಂದು ವಾರದಲ್ಲಿ ಚಿಕ್ಕಪ್ಪ ವಂಶವೃಕ್ಷವನ್ನು ತಾವೇ ಬರೆಸಿದ್ದರು. ಅದರಲ್ಲಿ ತಾತನ ಕೆಳಗೆ ಎರಡೇ ಗೆರೆ. ಅತ್ತೆಗೂ ಅವರೇ ಹೋಗಿ ವಿಷಯ ತಿಳಿಸಿ ಬಂದಿದ್ದರು. ನನಗೆ ಅದು ಗೊತ್ತಾದದ್ದು ಅತ್ತೆ ಫೋನ್ ಮಾಡಿ, ಬಿಡುವಾದಾಗ ಬಂದು ಹೋಗು ಎಂದಾಗ.

ಹೋದೆ. ಅವಳು ಯಾರದೋ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಜಮೀನು ತನಗೆ ಮೊದಲೂ ಬೇಕಿರಲಿಲ್ಲ, ಈಗಲೂ ಬೇಡ ಎಂದಳು. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು.

"ನನ್ನ ಕೇಳ್ಕೊಂಡು ಯಾರೂ ಬರ್ಲಿಲ್ವಂತಾ?"

"ಇಲ್ಲ ಅತ್ತೆ," ಅಂದೆ.

ಅವಳು ತಲೆಯಾಡಿಸಿದಳು. "ಸರಿ ಬುಡು. ಅವ್ರಿಗೆ ಬ್ಯಾಡಾದ ಕೂಸು. ಅವ್ವ ಎತ್ಕೊಂಡ್ಳು."

ಹೊರಗೆ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಬೇಡವಾದ ಕೂಸು ಅಲ್ಲ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ನಾನು ಅವಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಆಮೇಲೆ ಸುಮಾರು ಎರಡು ತಿಂಗಳು ನಾನು ಆ ದಾರಿಯಲ್ಲಿ ಹೋಗುವಾಗ ಬಸ್ಸಿನಲ್ಲಿ ಅತ್ತೆಯ ಮನೆ ಕಾಣುವ ಕಡೆಯ ಸೀಟಿನಲ್ಲಿ ಕೂರುತ್ತಿರಲಿಲ್ಲ. ಚಿಕ್ಕಪ್ಪನ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದೆ. ನೀನೇ ತಾನೆ ಫೋಟೊ ಕಳಿಸಿದ್ದು ಎಂದು ಅವರು ಕೇಳಿದರು, ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ತರಗತಿಯಲ್ಲಿ ಮಕ್ಕಳ ಹಾಜರಿ ಕೂಗುವಾಗಲೂ ಅತ್ತೆಯ ಆ ಮಾತು ನೆನಪಾಗುತ್ತಿತ್ತು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹೋಗಿ, ನಮ್ಮಜ್ಜಿ ಕಣದಲ್ಲಿ ನಿಂತು ಹೇಳಿದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟಳು. ಆಮೇಲೆ ಹೇಳಿದಳು. "ಅವ್ವಂಗೆ ನನ್ನ ಬುಟ್ಟಿರಾಕೆ ಆಗ್ದೆ ಅಂಗಂದ್ಳು. ಅದು ನಂಗೆ ಅರ್ತ ಆಯ್ತದೆ. ನೀನ್ಯಾಕೆ ಇಲ್ಲ ಅಂದೆ?"

ನಿನಗೆ ನೋವಾಗಬಾರದೆಂದು, ಅಂತ ಬಾಯಿಗೆ ಬಂತು. ಅದು ನಿಜವಲ್ಲ. ಹೌದು ಎಂದರೆ, ಮೊದಲೇ ಗೊತ್ತಿದ್ದೂ ಚಿಕ್ಕಪ್ಪನಿಗೆ ಹೇಳಿ ನನಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಿದ್ದಳು. ಅದಕ್ಕೆ ಹೆದರಿದ್ದೆ.

ಅವಳೇ ಎದ್ದು ಸೀರೆ ಬದಲಾಯಿಸಿ ಬಂದು, ಆನೇಮಹಲ್‌ಗೆ ಕರೆದುಕೊಂಡು ಹೋಗು ಅಂದಳು. ಆ ಅಜ್ಜಿ ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ನನಗೆ ಹೇಳದಿದ್ದ ಒಂದನ್ನು ಅವಳಿಗೆ ಹೇಳಿದರು. ಅವನು ಬರುವಾಗ ಮಗಳಿಗೆ ಒಂದು ಜೊತೆ ಚಪ್ಪಲಿ ತಂದಿದ್ದನಂತೆ. ಕಾಲಿನ ಅಳತೆ ಗೊತ್ತಿಲ್ಲದೆ ದೊಡ್ಡವನ್ನೇ ತಂದಿದ್ದ. ಅದನ್ನು ಯಾರಿಗೂ ಕೊಡದೆ, ಪೇಪರಿನಲ್ಲಿ ಮತ್ತೆ ಸುತ್ತಿಕೊಂಡು ಹೋದ.

ಅತ್ತೆ ಯಾವ ಬಣ್ಣದವು ಎಂದು ಕೇಳಿದಳು. ಅವರಿಗೆ ನೆನಪಿರಲಿಲ್ಲ. ಅವನ ಊರು ಯಾವುದು ಎಂಬುದೂ ಗೊತ್ತಿರಲಿಲ್ಲ.

ಮೂರು ಹೆಸರಿರುವ ವಂಶವೃಕ್ಷವೊಂದನ್ನು ನಾನು ಬೇರೆಯಾಗಿ ಬರೆದುಕೊಟ್ಟಿದ್ದೇನೆ. ಚಿಕ್ಕಪ್ಪ ತಕರಾರು ಹಾಕಿದ್ದಾರೆ. ಅದು ಯಾವಾಗ ಇತ್ಯರ್ಥವಾಗುತ್ತದೋ ಗೊತ್ತಿಲ್ಲ, ಅತ್ತೆಯೂ ಕೇಳುವುದಿಲ್ಲ. ಹೋದಾಗ ಮಾತಾಡಿಸುತ್ತಾಳೆ, ಊಟಕ್ಕೆ ಏಳಿಸುತ್ತಾಳೆ. ಆದರೆ ಮೊದಲಿನಂತೆ ತನ್ನ ಮನೆಯ ವಿಷಯ ಯಾವುದನ್ನೂ ನನ್ನ ಹತ್ತಿರ ಹೇಳಿಕೊಳ್ಳುವುದಿಲ್ಲ.