ಕೆರೆಯಂಗಳದ ದಾರಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮೂವತ್ತು ವರ್ಷ ಲಗೇಜ್ ಆಟೋ ಓಡಿಸಿದ ಬಯ್ಯಪ್ಪನಿಗೆ ಒಂದು ಹೆಸರಿತ್ತು. ಅವನ ಗಾಡಿಯಲ್ಲಿ ಬಂದ ರೇಷ್ಮೆಗೂಡು ನಜ್ಜುಗುಜ್ಜಾಗುವುದಿಲ್ಲ ಎಂದು ರೈತರು ಕಾದು ಕೂತು ಅವನನ್ನೇ ಕರೆಯುತ್ತಿದ್ದರು. ಗುಂಡಿ ಇನ್ನೂ ಹತ್ತು ಮಾರು ದೂರ ಇರುವಾಗಲೇ ಅವನ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು. "ಏನ್ ಬಯ್ಯಪ್ಪ, ಗೂಡು ತರ್ತಿದ್ದೀಯೋ, ಬಾಣಂತೀನ ಕರ್ಕೊಂಬರ್ತಿದ್ದೀಯೋ?" ಎಂದು ಹಮಾಲಿಗಳು ರೇಗಿಸಿದರೆ ನಕ್ಕುಬಿಡುತ್ತಿದ್ದ. ಅವಸರದವರೆಲ್ಲ ಎಲ್ಲಿಗೆ ಹೋಗಿ ಮುಟ್ಟಿದ್ದಾರೆ ಎಂಬುದು ಅವನ ವಾದ.

ಹೆಂಡತಿ ಚಿಕ್ಕವೆಂಕಟಮ್ಮ ಅಷ್ಟೇ ವರ್ಷ ಫಿಲೇಚರ್ ಒಂದರಲ್ಲಿ, ಗೂಡು ಬೇಯುವ ಬಿಸಿನೀರಿನ ಮುಂದೆ ಕೂತು ನೂಲು ತೆಗೆದವಳು. ಆ ಹಬೆ, ಆ ಬೆಂದ ಹುಳುವಿನ ನಾತ, ಸೌದೆಯ ಹೊಗೆ ಎಲ್ಲ ಸೇರಿ ಅವಳ ಎದೆಯನ್ನು ತಿಂದು ಹಾಕಿದ್ದವು. ಐವತ್ತು ತುಂಬುವ ಹೊತ್ತಿಗೆ ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಎಕ್ಸ್‌ರೇ ನೋಡಿ, "ಈ ಗಾಳೀಲಿ ಇಟ್ಕೊಂಡ್ರೆ ಉಳಿಸ್ಕೊಳೋದು ಕಷ್ಟ. ಹೊಗೆ ಇಲ್ಲದ ಕಡೆ ಕರ್ಕೊಂಡೋಗಿ" ಎಂದರು.

ಅಂಥ ಜಾಗ ಒಂದಿತ್ತು. ಸಾದಲಿಯ ಆಚೆಗೆ ಅವಳ ತವರೂರು. ಊರ ಮುಂದೆ ದೊಡ್ಡಕೆರೆ. ಕೆರೆಯ ಆಚೆ ದಡದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ, ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಬಿಟ್ಟುಕೊಟ್ಟಿದ್ದ ಮುಕ್ಕಾಲು ಎಕರೆ. ಬಯ್ಯಪ್ಪ ಅಲ್ಲಿ ಶೀಟು ಹೊದಿಸಿ ಒಂದು ಕೋಣೆ ಕಟ್ಟಿದ. ಪಕ್ಕದ ಹೊಲದಲ್ಲಿ ಕುರಿ ಸಾಕಿಕೊಂಡಿದ್ದ ನಲ್ಲಪ್ಪ, ವರಸೆಯಲ್ಲಿ ಅವಳಿಗೆ ತಮ್ಮ. ಅವನೊಬ್ಬನನ್ನು ಬಿಟ್ಟರೆ ಸುತ್ತ ನರಪಿಳ್ಳೆಯೂ ಇರಲಿಲ್ಲ. ಗಾಳಿ ಮಾತ್ರ ಧಾರಾಳ.

ಇನ್ನು ಬೇಕಾದದ್ದು ಗಾಡಿ. ಅಲ್ಲಿಗೆ ರಾಗಿ, ಅಕ್ಕಿ, ಕುಡಿಯುವ ನೀರಿನ ಕ್ಯಾನು, ಮಾತ್ರೆ, ಎಲ್ಲಕ್ಕಿಂತ ಹೆಚ್ಚಾಗಿ ವಾರವಾರವೂ ತುಂಬಿಸಿ ತರಬೇಕಾದ ಆಕ್ಸಿಜನ್ ಸಿಲಿಂಡರು ಸಾಗಬೇಕು. ಅವನ ಹಳೇ ಆಟೋ ಆಗಲೇ ಗುಜರಿ ಸೇರಿತ್ತು. ಹಳೇ ಗಾಡಿ ರಿಪೇರಿ ಮಾಡಿ ಮಾರುವ ಕರೀಂ ಸಾಬ್ ಬಯ್ಯಪ್ಪನಿಗಿಂತ ಆರು ವರ್ಷ ದೊಡ್ಡವರು, ಅವನ ಆಟೋವಿನ ಒಂದೊಂದು ಬೋಲ್ಟನ್ನೂ ಬಲ್ಲವರು. ಬಯ್ಯಪ್ಪ ಹೆಂಡತಿಯನ್ನೂ ಕರೆದುಕೊಂಡು ಅವರ ಗ್ಯಾರೇಜಿಗೆ ಹೋದ. ಅಲ್ಲಿ ಮಾರಾಟಕ್ಕೆ ನಿಂತಿದ್ದವು ಮೂರು: ಒಂದು ಮೊಪೆಡ್ಡು, ಒಂದು ಲಗೇಜ್ ಆಟೋ, ಒಂದು ಮುದಿ ಜೀಪು.

ಮೊಪೆಡ್ಡಿನ ಮಾತು ಅಲ್ಲೇ ಮುಗಿಯಿತು. ಸಿಲಿಂಡರನ್ನೇನೋ ಕಟ್ಟಬಹುದು, ಉಸಿರಿಗೆ ಒದ್ದಾಡುವ ಹೆಂಗಸನ್ನು ಕಟ್ಟುವುದಕ್ಕಾಗುತ್ತದೆಯೇ? ಉಳಿದದ್ದು ಎರಡು, ದಾರಿಯೂ ಎರಡು. ಒಂದು, ಗುಡ್ಡ ಹತ್ತಿ ಇಳಿದು ಸುತ್ತಿ ಬರುವ ಹನ್ನೊಂದು ಕಿಲೋಮೀಟರ್ ಕಲ್ಲುದಾರಿ. ಇನ್ನೊಂದು, ಒಣಗಿದ ಕೆರೆಯಂಗಳದಲ್ಲೇ ನೇರ ದಾಟಿಬಿಡುವ ಅರ್ಧ ಮೈಲಿ. ಊರವರೆಲ್ಲ ಓಡಾಡುತ್ತಿದ್ದದ್ದು ಅದರಲ್ಲೇ.

"ಜೀಪ್ ತಗೋ ಬಯ್ಯಪ್ಪ," ಎಂದರು ಕರೀಂ ಸಾಬ್. "ಇದು ಗುಡ್ಡಾನೂ ಹತ್ತುತ್ತೆ, ಕೆಸರಲ್ಲೂ ಹೋಗುತ್ತೆ. ಮೂರು ಚಕ್ರ ನಂಬ್ಕೊಂಡು ಕಾಡಿಗೆ ಹೋಗ್ಬೇಡ."

ಬಾಯಿಮಾತಿಗೆ ಒಪ್ಪುವವನಲ್ಲ ಬಯ್ಯಪ್ಪ. ಎರಡರಲ್ಲೂ ಅವಳನ್ನು ಕೂರಿಸಿ ನೋಡಿಯೇ ಬಿಡೋಣ ಎಂದ. ಜೀಪಿನ ಕುಲುಕಾಟದಲ್ಲಿ ಗುಡ್ಡದ ಅರ್ಧಕ್ಕೆ ಹೋಗುವಷ್ಟರಲ್ಲಿ ಚಿಕ್ಕವೆಂಕಟಮ್ಮನಿಗೆ ಕೆಮ್ಮು ಹತ್ತಿ, ತುಟಿ ನೀಲಿಗಟ್ಟಿ, "ಇಳಿಸಯ್ಯ, ನಿನ್ ದಮ್ಮಯ್ಯ" ಎಂದು ಅವನ ತೋಳು ಹಿಡಿದಳು. ಮಾರನೆಯ ದಿನ ಆಟೋವಿನ ಹಿಂದೆ ತೆಂಗಿನನಾರಿನ ಹಾಸಿಗೆ ಹಾಸಿ, ಕೆರೆಯಂಗಳದಲ್ಲಿ ಕರೆದೊಯ್ದ. ದಡ ಸೇರಿ ತಿರುಗಿ ನೋಡಿದರೆ ಅವಳು ನಿದ್ದೆಹೋಗಿದ್ದಳು. ಎಷ್ಟೋ ತಿಂಗಳಿಂದ ಕೂತೇ ರಾತ್ರಿ ಕಳೆಯುತ್ತಿದ್ದವಳು ಬಾಯಿ ತೆರೆದುಕೊಂಡು ಹಾಯಾಗಿ ಮಲಗಿದ್ದಳು. ಬಯ್ಯಪ್ಪ ಎಂಜಿನ್ ಆರಿಸಿ, ಅವಳಾಗಿ ಏಳುವವರೆಗೆ ಬಿಸಿಲಿನಲ್ಲಿ ಕಾದ. ಅವನ ಆಯ್ಕೆಯನ್ನು ತಪ್ಪು ಎನ್ನುವವರು ಆ ಮುಖವನ್ನು ಒಂದು ಸಲ ನೋಡಿರಬೇಕಾಗಿತ್ತು.

"ಅದು ಕೆರೆ ಕಣಪ್ಪ," ಎಂದು ಆಟೋವಿನ ಕೀಲಿಕೈ ಕೊಡುವಾಗಲೂ ಕರೀಂ ಸಾಬ್ ಅಂದರು.

"ತಾನು ಕೆರೆ ಅನ್ನೋದು ಅದಕ್ಕೇ ಮರ್ತೋಗಿದೆ ಸಾಬ್ರೇ," ಎಂದು ಬಯ್ಯಪ್ಪ ನಕ್ಕ. ಅವನ ನಗೆಯಲ್ಲಿ ಸುಳ್ಳೇನಿರಲಿಲ್ಲ. ಆ ಕೆರೆ ತುಂಬಿ ಇಪ್ಪತ್ತಮೂರು ವರ್ಷವಾಗಿತ್ತು. ಅಂಗಳದಲ್ಲಿ ಸೀಮೆಜಾಲಿ ಆಳೆತ್ತರ ಬೆಳೆದಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಜೀಪು ಗೌರಿಬಿದನೂರಿನ ಯಾರಿಗೋ ಮಾರಿಹೋಯಿತು.

ಒಂದೂವರೆ ವರ್ಷ ಅವರಿಬ್ಬರೂ ಸುಖವಾಗಿದ್ದರು. ಮದುವೆಯಾದಾಗಿನಿಂದ ಅಷ್ಟು ಹೊತ್ತು ಒಟ್ಟಿಗೆ ಕೂತು ಮಾತಾಡಿದ್ದೇ ಇರಲಿಲ್ಲ. ಅವಳು ನಾಲ್ಕು ಕೋಳಿ ಸಾಕಿದಳು, ಅವರೆ ಹಾಕಿದಳು, ಮೈಕೈ ತುಂಬಿಕೊಂಡಳು. ಗೌರಿಬಿದನೂರಿಗೆ ಕೊಟ್ಟಿದ್ದ ಮಗಳು ಕವಿತ ಬಂದು ನೋಡಿ, "ಅಮ್ಮ ನನಗಿಂತ ಚೆನ್ನಾಗಿದ್ದಾಳೆ" ಎಂದು ಹೊಟ್ಟೆಕಿಚ್ಚು ಪಟ್ಟಳು. ಪ್ರತಿ ಸೋಮವಾರ ಬಯ್ಯಪ್ಪ ಎರಡು ಸಿಲಿಂಡರುಗಳಲ್ಲಿ ಖಾಲಿಯಾದದ್ದನ್ನು ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ, ಸಂಜೆಗೆ ತುಂಬಿದ್ದು ತಂದು ಇಳಿಸುತ್ತಿದ್ದ.

ತಾನೊಂದು ನೆನೆದರೆ ದೈವ ಒಂದು ನೆನೆಯಿತು. ಆ ಕಾರ್ತಿಕದಲ್ಲಿ ಒಂದು ವಾರ ಬಿಡದೆ ಮಳೆ ಹಿಡಿಯಿತು. ಸೋಮವಾರ ಹೊರಡುವಾಗ ಕೆರೆಯಂಗಳದಲ್ಲಿ ಪಾದ ನೆನೆಯುವಷ್ಟು ನೀರು. ಸಿಲಿಂಡರು ತುಂಬಿಸಿಕೊಂಡು ಸಂಜೆ ಶಿಡ್ಲಘಟ್ಟಕ್ಕೆ ಬಂದರೆ ಮುಂದೆ ಹಳ್ಳ ರಸ್ತೆ ಮೇಲೆ ಹರಿಯುತ್ತಿತ್ತು, ಬಸ್ಸುಗಳೇ ನಿಂತಿದ್ದವು. ಕರೀಂ ಸಾಬರ ಮನೆಯಲ್ಲೇ ಉಳಿಯಬೇಕಾಯಿತು. ಬೆಳಿಗ್ಗೆ ನೀರು ಇಳಿದದ್ದೇ ತಡ ಹೊರಟು ಕೆರೆ ಏರಿಗೆ ಬಂದ.

ಅಲ್ಲಿ ಊರಿಗೆ ಊರೇ ನೆರೆದಿತ್ತು. ಮೇಲಿನ ಕೆರೆಗಳೆಲ್ಲ ತುಂಬಿ ಹರಿದು, ಒಂದೇ ರಾತ್ರಿಯಲ್ಲಿ ದೊಡ್ಡಕೆರೆ ಕೋಡಿ ಬಿದ್ದಿತ್ತು. ತಮಟೆ ಬಡಿಯುತ್ತಿದ್ದರು. ಹೆಂಗಸರು ಮೊರದಲ್ಲಿ ಬಾಗಿನ ಹಿಡಿದು ಸಾಲಾಗಿ ನಿಂತಿದ್ದರು. ಮುದುಕರು ಕಣ್ಣೀರು ಹಾಕುತ್ತಿದ್ದರು. ನೀರಿನ ಆಚೆ ಗುಡ್ಡದ ಬುಡದಲ್ಲಿ ಕೋಣೆಯ ನೀಲಿ ಶೀಟು ಸ್ಪಷ್ಟವಾಗಿ ಕಾಣುತ್ತಿತ್ತು. ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕದಾಗಿ, ಕೂಗಿದರೆ ಕೇಳಿಸೀತೇನೋ ಅನ್ನುವಷ್ಟು ಹತ್ತಿರದಲ್ಲಿ.

ಫೋನ್ ಮಾಡಿದ. ನಲ್ಲಪ್ಪ ಎತ್ತಿ, "ಬಾವ, ಸಿಲಿಂಡರ್ ಮುಳ್ಳು ಕೆಂಪಿಗೆ ಬಂದದೆ. ಬೇಗ ಬಾ" ಎಂದು ಅವಳಿಗೆ ಕೊಟ್ಟ.

"ಎಲ್ಲಿದ್ದೀಯ?" ಎಂದಳು. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದಳು.

"ಏರಿ ಮೇಲೇ ಇದ್ದೀನಿ ಕಣೇ. ಇನ್ನೇನು ಬಂದೆ. ಮಾತಾಡ್ಬೇಡ, ಸುಮ್ನಿರು."

"ಕಾಣ್ತಿದ್ದೀಯ. ಬಿಳೀ ಅಂಗಿ." ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. "ನೀರು ಎಷ್ಟು ಚೆನ್ನಾಗಿದೆ ನೋಡಯ್ಯ. ನಮ್ಮಪ್ಪ ಇದ್ದಿದ್ರೆ ಕುಣಿಯೋನು."

ಬಯ್ಯಪ್ಪ ಸಿಕ್ಕಸಿಕ್ಕವರ ಕೈ ಹಿಡಿದ. ತೆಪ್ಪ ಇದೆಯೇ? ಇಪ್ಪತ್ತಮೂರು ವರ್ಷ ನೀರೇ ಕಾಣದ ಊರಲ್ಲಿ ತೆಪ್ಪ ಎಲ್ಲಿಂದ ಬರಬೇಕು? ಈಜು ಬಲ್ಲವರು ಯಾರು? ಬಲ್ಲವರಿಗೆಲ್ಲ ಅರವತ್ತು ದಾಟಿತ್ತು. ಹರೆಯದವರಿಗೆ ಸೊಂಟದುದ್ದ ನೀರೂ ಗೊತ್ತಿರಲಿಲ್ಲ. ಟ್ರ್ಯಾಕ್ಟರಿನ ಟ್ಯೂಬಿಗೆ ಸಿಲಿಂಡರು ಕಟ್ಟಿ ಇಳಿದ ಇಬ್ಬರು ಮುಳುಗಿದ ಜಾಲಿಮುಳ್ಳಿಗೆ ಸಿಕ್ಕಿ, ಟ್ಯೂಬು ಒಡೆದು, ರಕ್ತ ಸುರಿಸಿಕೊಂಡು ವಾಪಸ್ಸು ಬಂದರು. ಆಂಬುಲೆನ್ಸು ಬಂತು. ಗುಡ್ಡದ ಕಲ್ಲುದಾರಿ ಹತ್ತಲಾರದೆ ಅದೂ ಅವನ ಆಟೋವಿನ ಪಕ್ಕದಲ್ಲೇ ಏರಿಯ ಮೇಲೆ ನಿಂತಿತು.

ಕರೀಂ ಸಾಬರಿಗೆ ಫೋನ್ ಮಾಡಿದ. ಅವರು ಏನೂ ಕೇಳಲಿಲ್ಲ. ಚಿಂತಾಮಣಿ ಕಡೆಯ ಗಿರಾಕಿಯ ಜೀಪೊಂದು ರಿಪೇರಿಗೆ ಬಂದು ನಿಂತಿತ್ತು, ಅದನ್ನೇ ಹೇಳದೆ ಕೇಳದೆ ತೆಗೆದುಕೊಂಡು ಮುಕ್ಕಾಲು ಗಂಟೆಯಲ್ಲಿ ಏರಿಗೆ ಬಂದರು. ಸಿಲಿಂಡರು ಹಾಕಿಕೊಂಡು ಗುಡ್ಡಕ್ಕೆ ಬಿಟ್ಟರು. ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಬಂಡೆ ಉಳಿದಿತ್ತು. ಗೂಡಿಗೆ ನೋವಾಗದಂತೆ ಗಾಡಿ ಓಡಿಸಿದ್ದ ಬಯ್ಯಪ್ಪ, "ಹೊಡೀರಿ ಸಾಬ್ರೇ, ಇನ್ನೂ ಜೋರಾಗಿ ಹೊಡೀರಿ" ಎಂದು ಅಂಗಲಾಚುತ್ತಿದ್ದ. ಜೀಪು ನರಳಿತು, ಜಾರಿತು, ಆದರೆ ಹತ್ತಿತು. ಎಲ್ಲಿಯೂ ನಿಲ್ಲಲಿಲ್ಲ.

ಅವರು ಮುಟ್ಟಿದಾಗ ನಲ್ಲಪ್ಪ ಬಾಗಿಲಲ್ಲಿ ಕೂತಿದ್ದ. ಎದ್ದು ನಿಂತ. ಅವಳು ಹೋಗಿ ಅರ್ಧ ಗಂಟೆಯಾಗಿತ್ತು. ಹೊಸಿಲಿಗೆ ಒರಗಿಸು ಎಂದು ತಾನೇ ಕೇಳಿಕೊಂಡಿದ್ದಳಂತೆ, ಏರಿ ಕಾಣಲಿ ಎಂದು.

ಅಲ್ಲೇ ಅವಳ ಹೊಲದಲ್ಲೇ ಮಣ್ಣು ಮಾಡಿದರು. ತಿಥಿಗೆ ಬಂದ ಊರವರು ಒಳ್ಳೆಯ ಮನಸ್ಸಿನಿಂದಲೇ ಸಮಾಧಾನ ಹೇಳಿದರು. "ಪುಣ್ಯವಂತೆ ಬಿಡಪ್ಪ, ಗಂಗಮ್ಮ ಊರಿಗೆ ಬಂದ ದಿನಾನೇ ಹೋದ್ಲು." ಬಯ್ಯಪ್ಪ ತಲೆಯಾಡಿಸಿದ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಏಳುತ್ತಿದೆ ಎಂದರು, ಅದಕ್ಕೂ ತಲೆಯಾಡಿಸಿದ. ನೀರಿಗಾಗಿ ಅಷ್ಟು ವರ್ಷ ಹರಕೆ ಹೊತ್ತ ಸೀಮೆಯಲ್ಲಿ ನೀರನ್ನು ಬೈದವನನ್ನು ಯಾರು ಸಹಿಸುತ್ತಾರೆ?

ಎಲ್ಲರೂ ಹೋದ ಮೇಲೆ ಕರೀಂ ಸಾಬ್ ಪಾತ್ರೆಪಗಡ ಜೀಪಿಗೆ ತುಂಬಿಸಿ, ಅವನ ಪಕ್ಕದಲ್ಲಿ ಬಂದು ಕೂತರು. ಎದುರಿಗೆ ದಡದಿಂದ ದಡಕ್ಕೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು, ಎಲ್ಲಿಂದಲೋ ಬಂದ ಬೆಳ್ಳಕ್ಕಿಗಳು ಇಳಿಯುತ್ತಿದ್ದವು.

"ಆವತ್ತು ನಾನೇ ಗಟ್ಟಿಯಾಗಿ ಹೇಳ್ಬೇಕಾಗಿತ್ತು," ಎಂದರು ಕರೀಂ ಸಾಬ್.

ಬಯ್ಯಪ್ಪ ಯಾರಾದರೂ ಕೇಳಿಸಿಕೊಂಡಾರೆಂಬಂತೆ ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ಈ ಕೆರೆ ಬತ್ತೋಗ್ಲಿ ಅನ್ಸುತ್ತೆ ಸಾಬ್ರೇ. ಊರಲ್ಲಿ ಯಾರಿಗೂ ಹೇಳ್ಬೇಡಿ."